ಗಂಟೆಗೆ ಹದಿನೈದು ದಿನಾರ್

ಗುದೈಬಿಯಾದಲ್ಲಿ ಸಲೂನಿನ ಮೇಲೆ ಮೂರನೇ ಮಹಡಿ.
ಉಪ್ಪ ಲಿಫ್ಟಿಗೆ ಕಾಯಲಿಲ್ಲ, ಗಂಟೆ ಶುರುವಾಗಿಬಿಟ್ಟರೆ ಎಂದು.
ಮೆಟ್ಟಿಲು ಹತ್ತುತ್ತ ಏದುಸಿರಿನಲ್ಲೇ ಲೆಕ್ಕ:
ಹದಿನೈದು ದಿನಾರ್ ಅಂದರೆ ಐದು ತೋಬಿನ ಹೊಲಿಗೆ,
ಕಾಲರು, ಕಾಜಾ ಎಲ್ಲ ಸೇರಿ.
ಮಾತಾಡುವುದಕ್ಕೂ ಇಷ್ಟು ಕೂಲಿ ಇದೆಯಾ ರಿಫಾನಾ?

ಹೊರಗೆ ಆಗಸ್ಟು. ಒಳಗೆ ಏಸಿಯ ಚಳಿ,
ಮೇಜಿನ ಹಿಂದೆ ನಿಲ್ಮಿನಿ ಮೇಡಂ, ಕೊಲಂಬೊದವರು.
ಉಪ್ಪನ ಕೊರಳಲ್ಲಿ ತೆಗೆಯಲು ಮರೆತ ಅಳತೆ ಟೇಪು.
ಕಣ್ಣಲ್ಲೇ ಹೇಳಿದೆ. ಅವರು
ಟೈ ಸರಿಮಾಡಿಕೊಳ್ಳುವಂತೆ
ಅದನ್ನೇ ಎರಡೂ ಕಡೆ ಸಮ ಎಳೆದು ಕೂತರು.

'ಇಂಗ್ಲಿಷಿನಲ್ಲಿ ದುಡ್ಡಿನ ಮಾತು ಬೇಗ ಓಡುತ್ತದೆ,
ನೀನು ಹಿಡಿದು ಹಿಡಿದು ನನಗೆ ಹೇಳು'
ಎಂದಿದ್ದರು ದಾರಿಯಲ್ಲಿ.

ಏನು ಓದುವ ಆಸೆ?
ಕೃತಕ ಕೈಕಾಲು ಮಾಡುವ ಓದು, ಅಂದೆ.
ಡಾಕ್ಟರೇ ಯಾಕಾಗಬಾರದು ಎಂದು ಕೇಳದ
ಮೊದಲ ದೊಡ್ಡವರು ಅವರು.
ಬಿಳಿ ಹಾಳೆ ಎಳೆದುಕೊಂಡರು, ಪೆನ್ಸಿಲು ಚೂಪು ಮಾಡಿದರು.
ಸಂಬಳ? ಊರಲ್ಲಿ ಜಾಗ?
ಕೆಲಸ ಬಿಟ್ಟ ದಿನ ಕಂಪನಿ ಕೊಡುವ ಸರ್ವಿಸ್ ಹಣ?
ಚಿನ್ನ?
ಉಪ್ಪ ಕಿಟಕಿ ನೋಡಿದರು.
ಅಕ್ಕನ ಮದುವೆಯಲ್ಲಿ ಹೋಯಿತು, ಎಂದೆ ಇಂಗ್ಲಿಷಿನಲ್ಲಿ.
ಆ ಭಾಷೆಯಲ್ಲಿ ಅದು
ಚಿನ್ನ ತಾನೇ ಎದ್ದು ಚಪ್ಪಲಿ ಮೆಟ್ಟಿ ಹೋದ ಹಾಗೆ ಕೇಳಿಸಿತು.

ಮೇಡಂ ಕೂಡಿದರು: ಫೀಸು, ಹಾಸ್ಟೆಲು, ಊಟ,
ವರ್ಷಕ್ಕೊಂದು ವಿಮಾನದ ಟಿಕೇಟು.
ಅಡಿಗೆರೆ ಎಳೆದರು. ಹನ್ನೊಂದು ಸಾವಿರದ ನಾನೂರು.

'ಎಷ್ಟಂತೆ?'

'ಏಳು ಸಾವಿರ, ಉಪ್ಪಾ.'

ನನ್ನ ನಾಲಿಗೆಯಲ್ಲೂ ಒಂದು ಕತ್ತರಿ ಇದೆಯೆಂದು
ನನಗೆ ಗೊತ್ತಾದದ್ದು ಆಗಲೇ.
ಅವರು ತಲೆದೂಗಿದರು,
ಏಳು ಸಾವಿರಕ್ಕೆ ಎಷ್ಟು ದೂಗಬೇಕೋ ಅಷ್ಟು.

ಆಮೇಲೆ ಮೇಡಂ ಪೆನ್ಸಿಲು ತಿರುಗಿಸಿ ಅಳಿಸತೊಡಗಿದರು.
ಈ ಕಾಲೇಜಿನ ಗೇಟಲ್ಲಿ ಕಾರಂಜಿ ಇದೆ,
ನೀವು ಕೊಡುವ ದುಡ್ಡು ಕಾರಂಜಿಗೆ. ಬೇಡ.
ಏಜೆಂಟನಿಗೆ ಮುಂಗಡ, ಬೇಡವೇ ಬೇಡ.
ಇಲ್ಲಿ ಪರೀಕ್ಷೆ ಬರೆದು ಸೀಟು ತಗೋ, ಓದುತ್ತೀಯಲ್ಲ?
ಈ ಎರಡು ಟ್ರಸ್ಟಿಗೆ ಅರ್ಜಿ, ಸೆಪ್ಟೆಂಬರಿನ ಒಳಗೆ.
ಸಾಲ ಕೊನೆಗೆ. ಮೊದಲೇ ಬ್ಯಾಂಕಿಗೆ ಓಡಬೇಡಿ.

ಮೇಜಿನ ಮೇಲೆ ರಬ್ಬರಿನ ಪುಡಿ.
ಉಪ್ಪ ಅದನ್ನು ಬಳಿದು ಅಂಗೈಗೆ ತಗೊಂಡು
ಬುಟ್ಟಿಗೆ ಹಾಕಿ ಬಂದರು,
ಅಂಗಡಿಯಲ್ಲಿ ಚಿಂದಿ ಹಾಕುವ ಹಾಗೆ.
ಕೊನೆಗೆ ಉಳಿದದ್ದು ಎಂಟು ಸಾವಿರದ ನೂರೈವತ್ತು.
ನನ್ನ ಸುಳ್ಳಿನ ಹತ್ತಿರದವರೆಗೆ ಬಂತು,
ಮುಟ್ಟಲಿಲ್ಲ.

'ಹನ್ನೊಂದು ನಾನೂರು ಇತ್ತು'
ಎಂದರು ಇಳಿಯುವಾಗ, ಎರಡನೇ ಮಹಡಿಯ ತಿರುವಿನಲ್ಲಿ,
ಹಿಂತಿರುಗಿ ನೋಡದೆ.
'ಇಪ್ಪತ್ತೆರಡು ವರ್ಷ. ಕಟಿಂಗ್ ಮೇಜಿನ ಆಚೆ ಸಲಾವುದ್ದೀನ್, ಈಚೆ ನಾನು.
ಅಳತೆ ಪುಸ್ತಕ ಒಂದೇ, ಅದರ ಮುಖ ಅವನ ಕಡೆ.
ತಲೆಕೆಳಗಿನ ಅಂಕಿಯೇ ನನಗೆ ನೆಟ್ಟಗೆ ಕಾಣುವುದು.'

ಸಲೂನಿನ ಹೇರ್ ಡ್ರೈಯರು ಕೆಳಗೆಲ್ಲೋ ಗುಂಯ್ಗುಡುತ್ತಿತ್ತು.
ನಾನು ರೇಲಿಂಗು ಹಿಡಿದು ನಿಂತೆ.

'ಗಿರಾಕಿಗೆ ಬೇಜಾರಾದೀತೆಂದು
ಸೊಂಟ ಎರಡಿಂಚು ಕಡಿಮೆ ಬರೆದುಕೊಂಡರೆ
ಆ ತೋಬು ಯಾರಿಗಾಗುತ್ತದೆ?'

ಅಷ್ಟೇ. ಬೈಯಲಿಲ್ಲ.

ಬೀದಿಗೆ ಬಂದು ಎರಡು ಕರಕ್ ಚಹಾ ಹೇಳಿದರು.
ಫೀಸಿನ ರಸೀದಿಯನ್ನು ನಾಲ್ಕು ಮಡಿಕೆ ಮಾಡಿ
ಅಂಗಿಯ ಒಳಜೇಬಿಗೆ,
ಪಾಸ್‌ಪೋರ್ಟಿನ ಫೋಟೊ ಇಡುವ ಜಾಗಕ್ಕೆ.
ಟೇಪು ಇನ್ನೂ ಕೊರಳಲ್ಲೇ.
ಬರುವ ಶನಿವಾರ ಇನ್ನೊಂದು ಗಂಟೆ, ಇನ್ನೈದು ತೋಬು.
'ಆವತ್ತು ನಾನೇ ಕೇಳುತ್ತೇನೆ' ಅಂದರು ಲೋಟ ಊದುತ್ತ,
'ನೀನು ಬರೆದುಕೋ.'