ಬಸ್ಕಿ

ಸೋಮವಾರ, ಗುರುವಾರ ಕಬ್ಬಿಣ.
ಉಳಿದ ಸಂಜೆ ಮಂಡಕ್ಕಿ ಭಟ್ಟಿ ಹಿಂದಿನ ಓಣಿಯಲ್ಲಿ ರಿಂಗಾಟ:
ನಾನು, ಕೊಟ್ರಮ್ಮ, ಎದುರುಮನೆ ಶಹನಾಜ್.
ಬಟ್ಟೆ ಒಣಹಾಕುವ ಹಗ್ಗವೇ ಬಲೆ,
ಪಾಯಿಂಟಿಗಿಂತ ನಗುವೇ ಜಾಸ್ತಿ.

ಅಷ್ಟು ಸಾಕಿತ್ತು,
ನೆಲಕ್ಕೆ ಕೂತವಳು ಏಳಲಿಕ್ಕೆ
ಗೋಡೆ ಹುಡುಕುವವರೆಗೆ.

ಜಿಮ್ಮಿನ ಹುಡುಗ ದಾದಾಪೀರ,
ಹದಿಮೂರರ ಮಗ್ಗಿ ತಪ್ಪಿದ್ದಕ್ಕೆ
ನಾನು ಕಿವಿ ಹಿಡಿಸಿ ಬಸ್ಕಿ ಹೊಡೆಸಿದವನು.
ಈಗ ಎದುರು ನಿಂತು, ಕೈಕಟ್ಟಿ,
ಬಲು ವಿನಯದಿಂದ ಎಣಿಸುತ್ತಾನೆ:
‘ಹನ್ನೊಂದು... ಮಂಡಿ ಒಳಗೆ ವಾಲಬಾರದು ಟೀಚರ್... ಹನ್ನೊಂದು.’
ಹನ್ನೊಂದು ಆಗಲೇ ಆಯ್ತಲ್ಲೋ!
‘ಅದು ಲೆಕ್ಕಕ್ಕಿಲ್ಲ ಟೀಚರ್.’
ನನ್ನದೇ ಮಾತು.
ಇಷ್ಟು ವರ್ಷ ಎಲ್ಲಿಟ್ಟುಕೊಂಡಿದ್ದನೋ.

ಮೂರು ಕಿಲೋ ಡಂಬೆಲ್ಲು.
ದಾವಣಗೆರೆಯಲ್ಲಿ ಮೂರು ಕಿಲೋ ಅಂದರೆ
ಮಂಡಕ್ಕಿ ಚೀಲ, ತಬ್ಬಿದರೂ ಕೈಗೆ ನಿಲುಕದ್ದು.
ಇದು ಮುಷ್ಟಿಯೊಳಗಿದ್ದೇ ನಡುಗಿಸುತ್ತದೆ.

ಶುಕ್ರವಾರ ತೊಡೆಯೆಲ್ಲ ಹುಣ್ಣು.
ಆದರೂ ಓಣಿಗೆ ಹೋದೆ, ಎರಡೇ ಆಟಕ್ಕೆಂದು.
ರಿಂಗು ಉರುಳಿ ಯಾರದೋ ಸ್ಕೂಟರಿನಡಿ ಸೇರಿತು.
ಕೊಟ್ರಮ್ಮ ಕೋಲು ತರಲು ಒಳಗೆ ಹೋದಳು.
ನಾನು ಕುಕ್ಕರಗಾಲಲ್ಲಿ ಕೂತು,
ಕೈಹಾಕಿ ಎಳೆದು,
ಎದ್ದೆ.

‘ಹನ್ನೆರಡು’ ಅಂದೆ, ಮೆಲ್ಲಗೆ.
ಶಹನಾಜಳಿಗೆ ಅರ್ಥವಾಗಲಿಲ್ಲ.