ನಡಾವಳಿ ಪುಸ್ತಕದ ಅಂಚು

ಕ್ಲಾಕ್ಸ್‌ವೀಕ್ ಬಂದರಿನ ಮೀನು ಕಾರ್ಖಾನೆಯಲ್ಲಿ
ಸಭೆಯ ನಡಾವಳಿ ಬರೆಯುವವಳು ನಾನು.
ಹತ್ತೊಂಬತ್ತು ವರ್ಷ, ಏಳು ದಪ್ಪ ಪುಸ್ತಕ,
ಯಾವುದನ್ನು ತೆರೆದರೂ ಕಾಡ್ ಮೀನಿನ ವಾಸನೆ.

ಹಿಂದೆಲ್ಲ ಕುರ್ಚಿಗಳಿದ್ದವು. ಮೆತ್ತನೆಯವು.
ಸೋಮವಾರ ಎಂಟಕ್ಕೆ ಕೂತರೆ
ಕಾಫಿ ಆರಿ, ಮತ್ತೆ ಕಾದು, ಮತ್ತೆ ಆರುವವರೆಗೂ
ತೌಡು ಕುಟ್ಟುತ್ತಿದ್ದೆವು.
ಟ್ರೋಂಡುರ್ ಬೆಲೆಯ ಮಾತೆತ್ತಿದರೆ
ದಾನ್ಯಾಲ್ ಹವಾಮಾನಕ್ಕೆ ಹಾರುತ್ತಿದ್ದ,
ಹವಾಮಾನದಿಂದ ಗುಡ್ಡದ ಮೇಲಿನ ತನ್ನ ಕುರಿಗಳಿಗೆ.
ಮ್ಯಾನೇಜರು ಅಡ್ಡಗೋಡೆಯ ಮೇಲೆ ದೀಪವಿಟ್ಟು
"ನೋಡೋಣ" ಅನ್ನುತ್ತಿದ್ದರು.
ನಾನು ಬರೆಯುತ್ತಿದ್ದೆ:
ನೋಡೋಣ ಎಂದು ತೀರ್ಮಾನಿಸಲಾಯಿತು.
ಒಂದೇ ವರ್ಷದಲ್ಲಿ ನಲವತ್ತೊಂದು ನೋಡೋಣ. ಎಣಿಸಿದ್ದೇನೆ.

ಜನವರಿಯಲ್ಲಿ ಮೂರನೇ ಬೆಲ್ಟು
ಬ್ಯಾರ್ತಾಳ ಎರಡು ಬೆರಳು ತಿಂದಿತು.

ತನಿಖೆಯವರು ಕೇಳಿದರು: ಮೊದಲೇ ಯಾರಿಗಾದರೂ ಗೊತ್ತಿತ್ತೇ?
ಪುಟ ತಿರುವಿದೆ. ಇರಲಿಲ್ಲ, ಒಂದಕ್ಷರವೂ.
ಆದರೆ ನೆನಪಿತ್ತು:
ಅಕ್ಟೋಬರಿನಲ್ಲಿ, ಬೆಲ್ಟು ತೊಳೆಯುವ ಹಾನುಸ್,
ಬಾಗಿಲ ಬಳಿ, ಮೊಣಕಾಲ ಮೇಲೆ ಟೋಪಿ ಇಟ್ಟುಕೊಂಡು
ಕೈ ಎತ್ತಿದ್ದ. ಅರ್ಧ. ಕಿವಿಯ ಮಟ್ಟಕ್ಕೆ.
ಆಮೇಲೆ ಕಿವಿಯನ್ನೇ ತುರಿಸಿಕೊಂಡವನಂತೆ ಇಳಿಸಿದ್ದ.
ಆಗ ಕುರಿಗಳ ಮಾತು ನಡೆದಿತ್ತು.
ಅರ್ಧ ಎತ್ತಿದ ಕೈಗೆ
ನನ್ನ ಪುಸ್ತಕದಲ್ಲಿ ಕಲಮು ಇರಲಿಲ್ಲ.

ವಸಂತಕ್ಕೆ ರಾನ್ವಾ ಮೇಲ್ವಿಚಾರಕಿಯಾಗಿ ಬಂದಳು.
ಮೊದಲ ದಿನವೇ ಕುರ್ಚಿಗಳನ್ನು ಚರ್ಚಿಗೆ ಕೊಟ್ಟಳು.
ನಾನು ಸೂಚನಾಫಲಕದಲ್ಲಿ "ಬೆಲ್ಟುಗಳು" ಎಂದು ಬರೆದರೆ
ಅಳಿಸಿದಳು: "ಇದು ವಿಷಯ. ನನಗೆ ಪ್ರಶ್ನೆ ಬೇಕು.
ಇಂದೇ ಅಂಟಿಸು, ರಾತ್ರಿಯೆಲ್ಲ ತಲೆಯಲ್ಲಿ ನೆನೆಯಲಿ."
ಆ ಪ್ರಶ್ನೆಗೆ ಸಂಬಂಧವಿಲ್ಲದವರು ಬರಬೇಕಿಲ್ಲ,
ಬರದಿದ್ದರೆ ಯಾರೂ ಮುನಿಯಬೇಕಿಲ್ಲ.
ಮೊಟ್ಟೆ ಬೇಯಿಸುವ ಗಡಿಯಾರ, ಹದಿನೈದು ನಿಮಿಷ.
ಮತ್ತೆ, ಬಾಗಿಲಿಗೆ ಹತ್ತಿರ ನಿಂತವರದೇ ಮೊದಲ ಮಾತು.

ಸೋಮವಾರ. ನಿಂತೆವು.
ಹಾನುಸ್ ಟೋಪಿಯ ಅಂಚು ತಿರುಗಿಸುತ್ತಿದ್ದ.
ಗಡಿಯಾರ ಟಿಕಟಿಕ.
ದಾನ್ಯಾಲ್ ಗಂಟಲು ಸರಿಮಾಡಿಕೊಂಡ;
ರಾನ್ವಾ ನೋಡಿದ ರೀತಿಗೆ ಉಗುಳು ನುಂಗಿದ.
ತಗಡಿನ ಮೇಲೆ ಕಡಲಹಕ್ಕಿಗಳ ಉಗುರು.
ಎರಡು ನಿಮಿಷ ಇಷ್ಟು ಉದ್ದವೆಂದು
ಎರಡೂವರೆ ಗಂಟೆಯ ಸಭೆಗಳಲ್ಲೂ ನನಗೆ ತಿಳಿದಿರಲಿಲ್ಲ.

"ನಾಲ್ಕನೇದು," ಅಂದ ಹಾನುಸ್,
"ಮೂರನೇದು ಆಗ ಕೆಮ್ಮಿದ ಹಾಗೇ ಕೆಮ್ಮುತ್ತಿದೆ."

ಅಷ್ಟೆ. ಟ್ರೋಂಡುರ್ ಆಗಲೇ ಸ್ವಿಚ್ಚಿನತ್ತ ಹೊರಟಿದ್ದ.
ಗಡಿಯಾರದಲ್ಲಿ ಇನ್ನೂ ಹನ್ನೆರಡು ನಿಮಿಷ ಉಳಿದಿತ್ತು,
ಅದು ಖಾಲಿ ಕೋಣೆಯಲ್ಲಿ ಒಂದೇ ಬಡಿದುಕೊಂಡಿತಂತೆ.

ಬರೆದೆ: ನಾಲ್ಕನೇ ಬೆಲ್ಟು. ನಿಲ್ಲಿಸುವವನು ಟ್ರೋಂಡುರ್. ಈಗ.
ಅಂಚಿನಲ್ಲಿ, ಪೆನ್ಸಿಲಿನಲ್ಲಿ, ಯಾರೂ ಹೇಳದೆ:
ಎರಡು ನಿಮಿಷ ಯಾರೂ ಮಾತಾಡಲಿಲ್ಲ.

ದಾನ್ಯಾಲನ ಕುರಿಗಳು ಈಗ ಮಧ್ಯಾಹ್ನದ ಊಟದಲ್ಲಿ ಮೇಯುತ್ತವೆ;
ಅಲ್ಲಿ ಕೇಳಲು ಚೆನ್ನಾಗಿಯೇ ಇರುತ್ತವೆ.
ಬ್ಯಾರ್ತಾ ತೂಕದ ಕೋಣೆಗೆ ಮರಳಿದ್ದಾಳೆ.
ಪುಸ್ತಕಕ್ಕೆ ಸಹಿ ಹಾಕುವಾಗ
ಪೆನ್ನನ್ನು ಬೇರೆ ಥರ ಹಿಡಿಯುತ್ತಾಳೆ,
ಅಂಚಿನ ಆ ಸಾಲನ್ನು ಓದುತ್ತಾಳೆ,
ಪುಟ ಮಡಿಸುವುದಿಲ್ಲ.