ಮೂರನೇ ಸಾಲಿನವನು

ಅಂಧೇರಿಯ ಈ ಬೇಸ್‌ಮೆಂಟಿನಲ್ಲಿ ಫ್ಯಾನು ಹಾಕುವಂತಿಲ್ಲ,
ಅದರ ಸದ್ದೂ ಯುದ್ಧದೊಳಗೆ ಸೇರಿಬಿಡುತ್ತದೆ.
ಬೆವರುತ್ತಲೇ ನಡೆಸುತ್ತೇನೆ
ಎರಡು ಸಾವಿರ ವರ್ಷ ಹಿಂದಿನ ಸೈನ್ಯವನ್ನು
ಒಂದು ಟ್ರೇ ಮರಳಿನ ಮೇಲೆ.

ಒರೆಯಿಂದ ಹಿರಿದ ಕತ್ತಿ ಅಂದರೆ ನಮ್ಮ ಮನೆಯ ಸೌಟು,
ಕಾವಲಿಯ ಅಂಚಿಗೆ ಎಳೆದದ್ದು.
ಕುದುರೆ ಎರಡು ಕರಟ.
ಕತ್ತು ಮುರಿಯುವುದಕ್ಕೆ ಎಲೆಕೋಸು.
ತರಕಾರಿಯ ಸುಶೀಲಾತಾಯಿ ಮೊನ್ನೆ ಕೇಳಿದಳು:
ದಿನಾ ಹದಿನಾಲ್ಕು ಗಡ್ಡೆ! ಮನೆಯಲ್ಲಿ ಮದುವೆಯೇ?
ಇಲ್ಲ ತಾಯಿ, ಕೋಟೆ ಬಿತ್ತು.

ಚಿತ್ರದ ಒಳಾರ್ಥವನ್ನು ನಿರ್ದೇಶಕರು ಬರೆದು ಕಳಿಸಿದ್ದಾರೆ:
ಧರ್ಮ, ನೆಲದ ಋಣ, ರಾಜನ ಒಂಟಿತನ.
ಕೆಳಗೆ ಪೆನ್ಸಿಲಿನಲ್ಲಿ,
ರಾಜನ ಹೆಜ್ಜೆಗೆ ಭಾರವಿರಲಿ.
ಉಳಿದವರಿಗೆ ಗುಂಪಿನ ಸದ್ದು ಸಾಕು,
ಹಳೆಯ ಫೈಲಿನಿಂದ ತೆಗೆದು ಹಾಕಿ.

ಹಾಕಿದೆ. ಹಾಕುವಾಗ ಕಂಡ,
ಏಳನೇ ರೀಲು, ಮೂರನೇ ಸಾಲು, ಎಡತುದಿಗೆ,
ಒಬ್ಬ ಕುಂಟುತ್ತಿದ್ದಾನೆ.
ನಟನೆಯಲ್ಲ. ನಟನೆಯ ಕುಂಟು ತಾಳ ತಪ್ಪುವುದಿಲ್ಲ.
ಚಪ್ಪಲಿಯ ಉಂಗುಟ ಕಿತ್ತಿದೆ,
ಪಟ್ಟಿಯನ್ನು ಬೆರಳಲ್ಲೇ ಕಚ್ಚಿ ಹಿಡಿದು
ಯುದ್ಧಕ್ಕೆ ಹೊರಟಿದ್ದಾನೆ
ಕರ್ಜತ್ತಿನ ಬಯಲಲ್ಲಿ, ಮೇ ತಿಂಗಳಲ್ಲಿ, ದಿನಗೂಲಿಗೆ,
ಪ್ರಾಚೀನ ಕಾಲದಲ್ಲಿ.
ಎರಡು ನಿಮಿಷಕ್ಕೆ ಸತ್ತ.
ರಾಜನ ಕುದುರೆ ಅಡ್ಡ ಬಂದು ಅದೂ ಕಾಣಲಿಲ್ಲ.

ಲಾಲ್‌ಬಾಗಿನ ಚಾಳಿನಲ್ಲಿ ನಾವು
ಮೆಟ್ಟಿಲ ಸದ್ದಿನಲ್ಲೇ ಮನುಷ್ಯರನ್ನು ಓದುತ್ತಿದ್ದೆವು.
ರಾತ್ರಿಪಾಳಿಯ ಗುರುಬಸಪ್ಪ, ಬಡ್ಡಿಗೆ ಬಂದವನು.
ಪಗಾರಿನ ದಿನದ ಅಪ್ಪ ಬೇರೆ,
ಮುಷ್ಕರದ ಎಂಟನೇ ತಿಂಗಳ ಅಪ್ಪ ಬೇರೆ.
ಒಳಾರ್ಥ ಅಂದರೆ ನನಗೆ ಗೊತ್ತಿದ್ದದ್ದು ಅಷ್ಟೇ,
ಬಾಗಿಲಿಗೆ ಬರುವ ಮೊದಲೇ ತಿಳಿಯುವುದು.

ಮೆಲ್ವಿನ್, ಇನ್ನೊಂದು ಟ್ರ್ಯಾಕ್ ತೆಗೆ.
ಯಾರಿಗೆ?
ಇವನಿಗೆ.
ಮೆಲ್ವಿನ್ ಗಡಿಯಾರ ನೋಡಿದ, ವಿರಾರಿನ ಕೊನೆಯ ಲೋಕಲ್ಲು ನೆನೆದ,
ನಗಾರಿ ಬಂದು ಕೂತರೆ ಇದು ಯಾರಿಗೂ ಕೇಳಿಸುವುದಿಲ್ಲ ಅಂದ.
ಗೊತ್ತು ಅಂದೆ.
ತೆಗೆದ.
ನನ್ನದೇ ಚಪ್ಪಲಿಯ ಉಂಗುಟ ಕಿತ್ತು
ಮರಳಿಗೆ ಇಳಿದೆ. ಹನ್ನೊಂದು ಹೆಜ್ಜೆ.
ನಾಲ್ಕನೆಯದರಲ್ಲಿ ಪಟ್ಟಿ ಜಾರಿತು, ಅವನದೂ ಅಲ್ಲೇ ಜಾರಿತ್ತು.

ಮನೆಗೂ ಹಾಗೇ ನಡೆದೆ,
ರಿಕ್ಷಾದವರು ಯಾರೂ ಒಪ್ಪಲಿಲ್ಲ.
ಮೂರನೇ ಮಹಡಿ ಏರುವಷ್ಟರಲ್ಲಿ
ಒಳಗಿನಿಂದ ಅಗುಳಿ ಹಾಕಿದ ಸದ್ದು.
ನಾನೇ ಅಂದ ಮೇಲೆ ತೆರೆದಳು, ಕೈಯಲ್ಲಿ ಲಟ್ಟಣಿಗೆ:
ಯಾರೋ ಬೇರೆಯವರು ಅಂದುಕೊಂಡೆ.